ಅರ್ಧ ಸುತ್ತು ಸಡಿಲ

ಆಯಿಲ್ ಬೆರೆಸಿದ ಪೆಟ್ರೋಲಿನ ವಾಸನೆ ಮೂಗಿಗೆ ಬಿದ್ದದ್ದೇ, ಕೀರ್ತನಾ ರಂಗೋಲಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ನಾಗರಬಾವಿಯಲ್ಲಿ ಲೇಔಟ್ ಆಗುವ ಮುಂಚೆ ಅವರದೊಂದು ದ್ರಾಕ್ಷಿ ತೋಟವಿತ್ತು. ಅಪ್ಪ ನಂಜುಂಡಪ್ಪ ಬೆನ್ನಿಗೆ ಇಂಜಿನ್ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುವಾಗ ಬರುತ್ತಿದ್ದ ವಾಸನೆ ಅದು. ಅಪ್ಪ ಹೋಗಿ ಆರು ವರ್ಷವಾಗಿತ್ತು.

ವಾಸನೆ ಹಿತ್ತಲಿನ ಬಾಡಿಗೆ ರೂಮಿನ ಕಡೆಯಿಂದ ಬರುತ್ತಿತ್ತು. ಲಿಂಗಸುಗೂರಿನ ಅಮರೇಶ, ನಾಯಂಡಹಳ್ಳಿಯಲ್ಲಿ ಲೇತ್ ಕೆಲಸದವನು, ಹಳೇ ಸೈಕಲ್ಲಿಗೆ ಪುಟ್ಟ ಇಂಜಿನ್ನೊಂದನ್ನು ಬಿಗಿಯುತ್ತಿದ್ದ. ಅದರ ಟ್ಯಾಂಕಿನ ಮುಚ್ಚಳದ ಮೇಲಿನ ಬೆಸುಗೆ ನೋಡಿದ್ದೇ ಅವಳಿಗೆ ಗುರುತು ಸಿಕ್ಕಿತು.

“ಅದು ನಮ್ಮಪ್ಪಂದು. ಬಿಚ್ರೀ!”

“ಗುಜರಿ ಅಂಗಡ್ಯಾಗ ತಂದೀನ್ರಿ. ಗುಜರಿಗೆ ಹಾಕಿದವ್ರು ನಿಮ್ಮ ಅವ್ವಾರು.”

ಅಡುಗೆಮನೆಯಲ್ಲಿದ್ದ ಅಮ್ಮ ಹೊರಗೆ ತಲೆ ಹಾಕಲೇ ಇಲ್ಲ.

“ಬೆಳಗ್ಗೆ ಬೆಳಗ್ಗೆ ಪಟಪಟ ರೊಟ್ಟಿ ತಟ್ಟಿ ನಿದ್ದೆ ಕೆಡಿಸ್ತೀರ. ಇನ್ನು ಇದೊಂದು ಬೇರೆ!”

“ನಿದ್ದಿ ಕೆಟ್ಟವ್ರು ಕಿಟಕ್ಯಾಗ ನಿಂತು ಯಾಕ ನೋಡ್ತೀರಿ?”

ಅವಳ ಕಿವಿ ಕೆಂಪಾಯಿತು. ಸಿಟ್ಟಿಗೇ ಇರಬೇಕು ಅಂದುಕೊಂಡಳು.

ಮರುದಿನ ಸೈಕಲ್ ಸದ್ದು ಮಾಡುತ್ತ ಹೊರಟು, ಮೂಲೆಯ ದರ್ಶಿನಿ ಹೋಟೆಲ್ ಮುಟ್ಟುವಷ್ಟರಲ್ಲಿ ನಿಂತುಹೋಯಿತು. ಅದರ ಮರುದಿನವೂ ಅಷ್ಟೇ. ಅವನು ಪ್ಲಗ್ ಬದಲಿಸಿದ, ಕಾರ್ಬುರೇಟರ್ ಬಿಚ್ಚಿ ತೊಳೆದ, ಕುಂಟುತ್ತ ತಳ್ಳಿಕೊಂಡು ಹೋದ. ಕೀರ್ತನಾ ಗೇಟಿಗೆ ಒರಗಿ ನೋಡಿದಳು.

ಕಾರಣ ಅವಳಿಗೆ ಗೊತ್ತಿತ್ತು. ಬಗ್ಗಿದಾಗ ಬೆನ್ನಿಗೆ ಪೆಟ್ರೋಲ್ ಚೆಲ್ಲುತ್ತದೆಂದು ಅಪ್ಪ ಟ್ಯಾಂಕಿನ ಮುಚ್ಚಳದ ಗಾಳಿ ತೂತಿಗೆ ಬೆಸುಗೆ ಹಾಕಿಸಿದ್ದ. ಒಳಗೆ ಗಾಳಿಯಾಡದಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ. ಒಂದೊಂದು ಸಾಲು ಮುಗಿದಾಗಲೂ ಅಪ್ಪ, “ಗಾಳಿ ಬಿಡು ಕಣವ್ವ” ಅನ್ನುತ್ತಿದ್ದ. ಅವಳು ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿ, ಗಾಳಿ ಹೋದ ಮೇಲೆ ಮತ್ತೆ ಬಿಗಿಯುತ್ತಿದ್ದಳು.

“ಬಸ್ ಸ್ಟಾಪ್ ಆ ಕಡೆ ಇದೆ,” ಎಂದಳು ಒಂದು ದಿನ.

“ನಗ್ರಿ, ನಗ್ರಿ. ಮೊಣಕಾಲು ನೆಟ್ಟಗಿದ್ರ ತುಳ್ಕೋತ ಹೋಗ್ತಿದ್ದೆ. ಇನ್ನೊಂದಿನ ಲೇಟಾದ್ರ ಬರಬ್ಯಾಡ ಅಂದಾರ ಮಾಲಕರು. ಊರಿಗೆ ಹೊಂಟ್ ಬಿಡ್ತೀನಿ. ಆಮ್ಯಾಲ ಚಂದಗ ನಿದ್ದಿ ಮಾಡ್ರಿ.”

ಅವಳು ಕಾಯುತ್ತಿದ್ದದ್ದು ಆ ಮಾತಿಗೇ. ಆದರೆ ಅವತ್ತು ಊಟ ಸೇರಲಿಲ್ಲ.

ಮರುದಿನ ಬೆಳಗ್ಗೆ ಅವನು ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಾಗ ಅವಳು ರಂಗೋಲಿಯನ್ನು ಮತ್ತೆ ಅರ್ಧಕ್ಕೇ ಬಿಟ್ಟು ಸೈಕಲ್ಲಿನ ಹತ್ತಿರ ಬಗ್ಗಿದಳು. ಟ್ಯಾಂಕಿಗೆಲ್ಲ ಹೊಸ ಹಸಿರು ಬಣ್ಣ. ತಳದಲ್ಲಿ ನಾಲ್ಕು ಬೆರಳಗಲ ಮಾತ್ರ ಹಳೇ ತುಕ್ಕು. ಅಲ್ಲಿ ಮೂರನೇ ಕ್ಲಾಸಿನಲ್ಲಿ ಅವಳೇ ಮೊಳೆಯಿಂದ ಕೊರೆದ ಸೊಟ್ಟ ಅಕ್ಷರಗಳಿದ್ದವು: ಕೀರ್ತನಾ. ಸುತ್ತ ಬ್ರಷ್ ಹುಷಾರಾಗಿ ತಿರುಗಿತ್ತು.

ಹಿಂದೆ ಹೆಜ್ಜೆ ಸದ್ದು. “ಇಷ್ಟಕ್ಕೆ ಯಾಕೆ ಬಣ್ಣ ಹಚ್ಚಲಿಲ್ಲ?” ತಿರುಗದೆ ಕೇಳಿದಳು.

“ಕೈ ಬರಲಿಲ್ರಿ.”

ಅವಳು ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿದಳು. “ಈಗ ಎಳೀರಿ.”

ಅವನು ಇಂಜಿನ್ನಿನ ಹಗ್ಗ ಎಳೆದ. ಸೈಕಲ್ ದರ್ಶಿನಿ ದಾಟಿ, ಪಾರ್ಕು ಸುತ್ತಿ, ಎಲ್ಲೂ ನಿಲ್ಲದೆ ಗೇಟಿಗೆ ವಾಪಸು ಬಂತು.

“ಇಷ್ಟ್ ದಿನಾ ಗೊತ್ತಿತ್ತೇನ್ರಿ ನಿಮಗ?”

“ಹೂಂ.”

“ಭಾಳ ಕೆಟ್ಟಾಕಿ ಅದೀರಿ.” ಉಸಿರು ಬಿಟ್ಟ. “ಇವತ್ತs ಒಂದು ತೂತು ಹೊಡ್ಕೋತೀನಿ. ಮುಗೀತು.”

“ಬೇಡ!” ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ಅರ್ಧ ಉಳಿದ ರಂಗೋಲಿಯನ್ನೇ ನೋಡುತ್ತ ಹೇಳಿದಳು. “ದಿನಾ ಬೆಳಗ್ಗೆ ನಾನೇ ಬಂದು ಸಡಿಲ ಮಾಡ್ತೀನಿ.”

ಇಂಜಿನ್ ಗುಡುಗುಡು ಅನ್ನುತ್ತಲೇ ಇತ್ತು. ಅಮರೇಶ ಹ್ಯಾಂಡಲ್ಲಿಗೆ ಕಟ್ಟಿದ್ದ ತನ್ನ ಮಧ್ಯಾಹ್ನದ ಬುತ್ತಿ ಬಿಚ್ಚಿದ. ಜೋಳದ ರೊಟ್ಟಿ, ಬಟ್ಟೆಯೊಳಗೆ ಇನ್ನೂ ಬಿಸಿ. ಅದನ್ನು ಅವಳ ಕೈಯಲ್ಲಿಟ್ಟು ಹೊರಟ.