ಮೂವತ್ತೆರಡರ ಮೇಲೆ ಇನ್ನೂರು ಗ್ರಾಂ

ಕೇತಕಿ ಚಪ್ಪಲಿ ಬಿಟ್ಟು ಮತ್ತೊಮ್ಮೆ ತಕ್ಕಡಿ ಹತ್ತಿದಳು. ಕೆಂಪು ಅಂಕಿಗಳು ಅತ್ತಿತ್ತ ಓಡಾಡಿ ನಿಂತವು. ಮೂವತ್ತೆರಡು ಕಿಲೋ ಆರುನೂರು ಗ್ರಾಂ.

ಇಳಿದಳು. ಕೂದಲಿನ ಕ್ಲಿಪ್ಪು ತೆಗೆದಳು. ಕಾಲಿನ ಬೆಳ್ಳಿ ಚೈನುಗಳನ್ನು ಬಿಚ್ಚಿ ಬ್ಯಾಗಿನೊಳಗೆ ಹಾಕಿದಳು. ಉಸಿರು ಬಿಗಿಹಿಡಿದು ಮತ್ತೆ ಹತ್ತಿದಳು. ಮೂವತ್ತೆರಡು ಕಿಲೋ ಐನೂರೈವತ್ತು.

ಅದು ರದ್ದಿ ಅಂಗಡಿಯ ತಕ್ಕಡಿ. ಸುತ್ತಲೂ ಹಳೆಯ ಪೇಪರಿನ ಕಟ್ಟುಗಳು, ಒಂದು ಮುರುಕು ಕುಕ್ಕರು. ಅಂಗಡಿಯ ದಿಗಂಬರ ಕಾಕಾ ಬೆಳಗಾವಿ ಕಡೆಯವರು. ಎಲ್ಲರ ಜೊತೆ ಮರಾಠಿ ಮಾತಾಡಿದರೂ ಕೇತಕಿಯ ಮನೆಯವರ ಜೊತೆ ಮಾತ್ರ ಕನ್ನಡ.

"ನೀ ರದ್ದಿ ಆಗಿದ್ದರ ನಾ ಮೂವತ್ತೊಂದ ಹಿಡೀತಿದ್ದೆ ನೋಡವಾ," ಎಂದರು ಕಾಕಾ.

ಬೇರೆ ದಿನವಾಗಿದ್ದರೆ ಕೇತಕಿ ನಗುತ್ತಿದ್ದಳು. ಇವತ್ತು ಬುಧವಾರ. ಶನಿವಾರ ಕಾಂಪಿಟಿಷನ್.

ಕೇತಕಿ ಎಂಎಂಎ, ಅಂದರೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಕ್ಲಾಸಿಗೆ ಸೇರಿ ಒಂದು ವರ್ಷವಾಗಿತ್ತು. ಅಲ್ಲಿ ಮಕ್ಕಳಿಗೆ ಮುಖಕ್ಕೆ ಹೊಡೆಯಲು ಬಿಡುವುದಿಲ್ಲ. ಹಿಡಿಯುವುದು, ಕೆಡವುವುದು, ಕೆಡವಿದ ಮೇಲೆ ಏಳದಂತೆ ಒತ್ತಿಹಿಡಿಯುವುದು, ಇಷ್ಟೇ. ಕಾಂಪಿಟಿಷನ್‌ನಲ್ಲಿ ತೂಕ ನೋಡಿ ಗುಂಪು ಮಾಡುತ್ತಾರೆ. ಅದಕ್ಕೆ ವೇಟ್ ಕ್ಲಾಸ್ ಅನ್ನುತ್ತಾರೆ. ಮೂರು ತಿಂಗಳ ಹಿಂದೆ ಹೆಸರು ಕೊಟ್ಟಾಗ ಅವಳು ಮೂವತ್ತೊಂದು ಕಿಲೋ ಇದ್ದಳು. ಹಾಗಾಗಿ ಮೂವತ್ತೆರಡರ ಒಳಗಿನ ಗುಂಪು. ಅಷ್ಟರಲ್ಲಿ ಇವಳು ಬೆಳೆದುಬಿಟ್ಟಿದ್ದಳು. ಮೂವತ್ತೆರಡು ದಾಟಿದರೆ ಮುಂದಿನದು ಮೂವತ್ತಾರರ ಗುಂಪು.

ಆ ಮೂವತ್ತಾರು ಎಂಬ ಮಾತು ಕೇಳಿದರೆ ಕೇತಕಿಗೆ ಒಂದು ಫ್ಯಾನು ನೆನಪಾಗುತ್ತಿತ್ತು.

ಹೋದ ತಿಂಗಳು ಅವಳ ಜೊತೆ ಪ್ರಾಕ್ಟೀಸ್ ಮಾಡುವ ಹುಡುಗಿ ಕ್ಲಾಸಿಗೆ ಬಂದಿರಲಿಲ್ಲ. ಆವತ್ತು ಕ್ಲಾಸಿನ ಕೋಚ್ ವಿಕ್ರಮ ಸರ್ ಅವಳನ್ನು ಪುನೀತನ ಜೊತೆ ಹಾಕಿದರು. ಪುನೀತ ಮೂವತ್ತೆಂಟು ಕಿಲೋ. ಅವನು ಒರಟನಲ್ಲ, ಹೇಳಿಕೊಟ್ಟ ಹಾಗೆಯೇ ಕೆಡವಿ ಎದೆಯ ಮೇಲೆ ಭಾರ ಹಾಕಿದ. ಉಸಿರು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಸಾಕು ಎನಿಸಿದಾಗ ಮ್ಯಾಟಿಗೆ ಎರಡು ಸಲ ತಟ್ಟಬೇಕು, ಆಗ ಎದುರಿನವರು ಬಿಟ್ಟುಬಿಡುತ್ತಾರೆ. ಆದರೆ ಕೇತಕಿಯ ಕೈ ಅವಳದೇ ಬೆನ್ನಿನ ಕೆಳಗೆ ಸಿಕ್ಕಿಕೊಂಡಿತ್ತು. ಮೇಲೆ ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. ಸರ್ ನೋಡಿ ಪುನೀತನನ್ನು ಎಬ್ಬಿಸುವವರೆಗೂ ಅವಳು ಅದನ್ನೇ ನೋಡುತ್ತ ಬಿದ್ದಿದ್ದಳು. ಪುನೀತ ಸಾರಿ ಅಂದ. ಇವಳು ಇಟ್ಸ್ ಓಕೆ ಅಂದಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮೂವತ್ತಾರರ ಗುಂಪಿನಲ್ಲಿ ಇರುವವರೆಲ್ಲ ಹಾಗೇ ಇರುತ್ತಾರೆ ಎಂದು ಅವಳು ಅಂದುಕೊಂಡಿದ್ದಳು.

ಆ ರಾತ್ರಿ ಅಜ್ಜಿ ರಾಧಾಬಾಯಿ ಬಿಸಿ ರೊಟ್ಟಿ ತಾಟಿಗೆ ಹಾಕಿದಾಗ ಕೇತಕಿ ಅರ್ಧ ಮುರಿದು ವಾಪಸ್ ಬುಟ್ಟಿಗೆ ಇಟ್ಟಳು. ಹೊಟ್ಟೆ ತುಂಬಿದೆ ಎಂದಳು. ಅಮ್ಮನ ಆಫೀಸ್ ಕ್ಯಾಬ್ ಹಿಂಜವಾಡಿಯ ಟ್ರಾಫಿಕ್‌ನಲ್ಲಿ ಎಲ್ಲೋ ನಿಂತಿತ್ತು. ಮನೆಯಲ್ಲಿ ಇಬ್ಬರೇ.

ಅಜ್ಜಿ ಒತ್ತಾಯ ಮಾಡಲಿಲ್ಲ. ಸ್ವಲ್ಪ ಹೊತ್ತು ಮೊಮ್ಮಗಳ ಕಾಲು ನೋಡುತ್ತ ಕುಳಿತರು.

"ಕಾಲಾಗಿನ ಚೈನ ಎಲ್ಲಿ?"

"ಬ್ಯಾಗಿನ್ಯಾಗ ಅದ."

"ಯಾಕ ತಗದಿ?"

ಕೇತಕಿ ಹೇಳಿದಳು. ರದ್ದಿ ಅಂಗಡಿ, ಮೂವತ್ತೆರಡು, ಶನಿವಾರ, ಎಲ್ಲ ಹೇಳಿದಳು. ಫ್ಯಾನಿನ ವಿಷಯ ಮಾತ್ರ ಹೇಳಲಿಲ್ಲ.

ಅಜ್ಜಿ ಒಲೆ ಆರಿಸಿ ಪಕ್ಕದಲ್ಲಿ ಬಂದು ಕುಳಿತರು. ಆಮೇಲೆ ಒಂದು ಹಳೆಯ ಸಂಗತಿ ಹೇಳಿದರು. ಕೇತಕಿ ಹುಟ್ಟಿದಾಗ ಎರಡು ಕಿಲೋ ಕೂಡ ಇರಲಿಲ್ಲವಂತೆ. ಇಪ್ಪತ್ತು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಳಂತೆ. ಕೂಸು ಉಳಿದರೆ ಬೆಲ್ಲದ ತುಲಾಭಾರ ಮಾಡಿಸುತ್ತೇನೆ ಎಂದು ಅಜ್ಜಿ ಹರಕೆ ಹೊತ್ತರು. ವರ್ಷ ತುಂಬಿದ ಮೇಲೆ ಧಾರವಾಡದ ಗುಡಿಯಲ್ಲಿ ತಕ್ಕಡಿಯ ಒಂದು ಪರಡಿಯಲ್ಲಿ ಕೂಸನ್ನು ಕೂರಿಸಿ, ಇನ್ನೊಂದರಲ್ಲಿ ಅವಳ ತೂಕದಷ್ಟು ಬೆಲ್ಲ ಇಟ್ಟು ದೇವರಿಗೆ ಕೊಟ್ಟರು.

"ಬ್ಯಾಸಗಿ ಆದರೂ ನಿನಗ ಎರಡು ಸ್ವೆಟರ್ ಹಾಕಿದ್ದೆ. ಕೆಳಗ ಒಂದು ಹಿತ್ತಾಳಿ ತಾಟ ಇಟ್ಟಿದ್ದೆ," ಎಂದರು ಅಜ್ಜಿ. "ಪೂಜಾರಪ್ಪ ನೋಡಿದ. ಸುಮ್ಮನಾದ."

"ಯಾಕ?"

"ಆ ಕಡೆ ಎಷ್ಟ ಬೆಲ್ಲ ಇಟ್ಟರೂ ನೀ ಮ್ಯಾಲ ಏಳಬಾರದು. ಹಂಗ ಅನಸ್ತಿತ್ತು ನನಗ."

"ಅದು ಚೀಟಿಂಗ್ ಅಜ್ಜಿ."

"ಹೌದು ಮತ್ತ. ನಾ ಹಂಗ ಮಾಡಿದೆ, ನೀ ಹಿಂಗ ಮಾಡಾಕತ್ತಿ."

ಬುಟ್ಟಿಯಲ್ಲಿದ್ದ ಅರ್ಧ ರೊಟ್ಟಿ ತಣ್ಣಗಾಯಿತು.

ಶನಿವಾರ ಬೆಳಿಗ್ಗೆ ಸರ್ ಅವರ ವ್ಯಾನು ಬಂದಾಗ ಅಜ್ಜಿ ಬ್ಯಾಗಿನಲ್ಲಿ ಒಂದು ಡಬ್ಬಿ ಇಟ್ಟರು. "ತಿನ್ನು ಅನ್ನಂಗಿಲ್ಲ. ಇರ್ಲಿ," ಎಂದಷ್ಟೇ ಹೇಳಿದರು.

ವಿಮಾನ ನಗರದ ಒಂದು ಶಾಲೆಯ ಹಾಲ್‌ನಲ್ಲಿ ಕಾಂಪಿಟಿಷನ್. ತೂಕ ನೋಡುವ ಸಾಲಿನಲ್ಲಿ ಕೇತಕಿಯ ಮುಂದೆ ಒಬ್ಬ ಹುಡುಗಿ ನಿಂತಿದ್ದಳು. ಹೆಸರು ನೀರಜಾ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಪಕ್ಕದಲ್ಲಿ ಅವಳ ಅಪ್ಪ. ಇಂದಾಪುರದಿಂದ ಮೊದಲ ಎಸ್‌ಟಿ ಬಸ್ಸಿಗೆ ಬಂದಿದ್ದರು. ನೀರಜಾ ಮೂವತ್ತಮೂರು ಕಿಲೋ ನಾನೂರು ಗ್ರಾಂ ಬಂದಳು.

ತೂಕ ಬರೆದುಕೊಳ್ಳುತ್ತಿದ್ದ ಮೇಡಂ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ನೋಡಿದರು. ಹುಡುಗಿಯರ ಮೂವತ್ತಾರರ ಗುಂಪಿನಲ್ಲಿ ಇರುವುದು ಇದೊಂದೇ ಹೆಸರು ಎಂದು ಮರಾಠಿಯಲ್ಲಿ ಹೇಳಿದರು. ಆಡಲು ಯಾರೂ ಇಲ್ಲ, ಆದರೂ ಮೆಡಲ್ ಸಿಗುತ್ತದೆ, ಸರ್ಟಿಫಿಕೇಟೂ ಸಿಗುತ್ತದೆ. ಅಪ್ಪ ಮತ್ತೊಮ್ಮೆ ಕೇಳಿದರು. ಮೇಡಂ ಅದನ್ನೇ ಮತ್ತೊಮ್ಮೆ ಹೇಳಿದರು. ನೀರಜಾ ಹೋಗಿ ಗೋಡೆಯ ಹತ್ತಿರ ಕುಳಿತಳು. ಮೊಣಕಾಲಿಗೆ ಹಾಕಿಕೊಂಡಿದ್ದ ಪಟ್ಟಿಗಳನ್ನು ಮಾತ್ರ ಬಿಚ್ಚಲಿಲ್ಲ.

ಕೇತಕಿಯ ಸರದಿ. ಅಂಕಿಗಳು ಓಡಾಡುತ್ತಿದ್ದಾಗ ಅವಳು ತಲೆ ಎತ್ತಿದಳು. ನೀರಜಾ ಗೋಡೆಯ ಹತ್ತಿರದಿಂದ ತಕ್ಕಡಿಯ ಅಂಕಿಗಳನ್ನೇ ನೋಡುತ್ತಿದ್ದಳು. ತುಟಿ ಸಣ್ಣಗೆ ಅಲುಗುತ್ತಿತ್ತು. ಜಾಸ್ತಿ ಬರಲಿ, ಜಾಸ್ತಿ ಬರಲಿ. ಯಾರೂ ಹೇಳದಿದ್ದರೂ ಕೇತಕಿಗೆ ಅದು ಗೊತ್ತಾಯಿತು.

ಮೂವತ್ತೆರಡು ಕಿಲೋ ಇನ್ನೂರು ಗ್ರಾಂ.

ಒಂಬತ್ತು ಗಂಟೆಯವರೆಗೆ ಟೈಮ್ ಇದೆ, ಇನ್ನೊಮ್ಮೆ ಬರಬಹುದು ಎಂದರು ಮೇಡಂ. ಹೊರಗೆ ಇಬ್ಬರು ಹುಡುಗರು ತೂಕ ಇಳಿಸಲು ರೇನ್‌ಕೋಟ್ ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಕೇತಕಿ ಅತ್ತ ನೋಡಿದ್ದನ್ನು ವಿಕ್ರಮ ಸರ್ ಕಂಡರು. ನಮ್ಮ ಕ್ಲಾಸಿನವರು ಯಾರೂ ಹಾಗೆ ಓಡುವುದಿಲ್ಲ ಎಂದರು. ಬಾತ್‌ರೂಮಿಗೆ ಹೋಗಿ ಬಂದು ಒಮ್ಮೆ ನಿಲ್ಲು, ಇಳಿದಿದ್ದರೆ ಮೂವತ್ತೆರಡು, ಇಲ್ಲದಿದ್ದರೆ ಮೂವತ್ತಾರು, ಅಥವಾ ಈಗಲೇ ಮೂವತ್ತಾರು ಅನ್ನು, ನಿನಗೆ ಬಿಟ್ಟಿದ್ದು ಎಂದರು.

ಬಾತ್‌ರೂಮಿಗೆ ಹೋಗುವ ದಾರಿಯಲ್ಲೇ ನೀರಜಾ ಕುಳಿತಿದ್ದಳು. ಕೇತಕಿಯ ಕಾಲು ಅಲ್ಲಿ ನಿಂತಿತು. ಮರಾಠಿಯಲ್ಲಿ, ನೀನು ಯಾರ ಜೊತೆ ಪ್ರಾಕ್ಟೀಸ್ ಮಾಡುತ್ತೀ ಎಂದು ಕೇಳಿದಳು. ಅಣ್ಣಂದಿರ ಜೊತೆ ಎಂದಳು ನೀರಜಾ. ಇಬ್ಬರು ಅಣ್ಣಂದಿರು, ಇಬ್ಬರೂ ದೊಡ್ಡವರು. ಅವಳ ಊರಿನ ಕ್ಲಾಸಿನಲ್ಲಿ ಬೇರೆ ಹುಡುಗಿಯರೇ ಇಲ್ಲ.

ಕೇತಕಿ ಪಕ್ಕದಲ್ಲಿ ಕುಳಿತಳು. ಆಮೇಲೆ ಇಲ್ಲಿಯವರೆಗೆ ಯಾರಿಗೂ ಹೇಳದ ಮಾತು ತಾನಾಗಿ ಬಾಯಿಗೆ ಬಂತು.

"ಅವರು ಮೇಲೆ ಬಿದ್ದಾಗ ನಿನಗೆ ಏನು ಕಾಣಿಸುತ್ತದೆ?"

ನೀರಜಾ ಯೋಚಿಸಿದಳು. "ಪತ್ರಾ," ಎಂದಳು. ಅವಳು ಪ್ರಾಕ್ಟೀಸ್ ಮಾಡುವ ಕಡೆ ತಗಡಿನ ಛಾವಣಿ. "ಅದರಲ್ಲಿ ಒಂಬತ್ತು ತೂತು ಇವೆ. ನಿನಗೆ?"

"ಫ್ಯಾನು."

ನೀರಜಾ ಪಕ್ಕನೆ ನಕ್ಕಳು. ಕೇತಕಿಗೂ ನಗು ಬಂತು. ನೀನು ನಮ್ಮ ಗುಂಪಿಗೆ ಬಾ ಎಂದು ನೀರಜಾ ಒಂದು ಸಲವೂ ಕೇಳಲಿಲ್ಲ. ಮೊಣಕಾಲಿನ ಪಟ್ಟಿಯನ್ನು ಸುಮ್ಮನೆ ಸರಿಮಾಡಿಕೊಂಡಳು. ಅದು ಮೊದಲೇ ಸರಿಯಾಗಿತ್ತು.

ಕೇತಕಿ ಬ್ಯಾಗಿನಿಂದ ಡಬ್ಬಿ ತೆಗೆದಳು. ಒಳಗೆ ಎರಡು ಶೇಂಗಾ ಹೋಳಿಗೆ. ಬೆಲ್ಲದ ವಾಸನೆ ಬಂದ ಕೂಡಲೇ ಅವಳಿಗೆ ಮೂರು ದಿನದ ಹಸಿವು ಒಟ್ಟಿಗೆ ಗೊತ್ತಾಯಿತು. ಒಂದನ್ನು ನೀರಜಾಳಿಗೆ ಕೊಟ್ಟಳು. ಇನ್ನೊಂದನ್ನು ತಾನು ತಿಂದಳು. ನೀರು ಕುಡಿದಳು. ಬಾಟಲಿ ಅರ್ಧವಾಗುವವರೆಗೂ ಕುಡಿದಳು.

ಸರ್ ಅವಳ ತುಟಿಗೆ ಅಂಟಿದ್ದ ಹೋಳಿಗೆಯ ಪುಡಿ ನೋಡಿ ಹುಬ್ಬು ಏರಿಸಿದರು.

"ಮೂವತ್ತಾರು, ಸರ್," ಎಂದಳು ಕೇತಕಿ.

ಎರಡು ನಿಮಿಷದ ಆಟ. ಮೊದಲ ನಿಮಿಷದಲ್ಲೇ ನೀರಜಾ ಅವಳ ಕಾಲು ಹಿಡಿದು ಕೆಡವಿದಳು. ಬೆನ್ನು ಮ್ಯಾಟಿಗೆ ಬಡಿಯಿತು. ಎದೆಯ ಮೇಲೆ ಭಾರ ಬಂತು. ಕೇತಕಿ ಗಟ್ಟಿಯಾಗಿ ಕಣ್ಣು ಮುಚ್ಚಿ ಕಾದಳು.

ಉಸಿರು ಬಂತು. ಕಷ್ಟಪಟ್ಟು ಬಂತು, ಆದರೆ ಬಂತು. ಕಣ್ಣು ತೆರೆದಾಗ ಕಂಡದ್ದು ಫ್ಯಾನಲ್ಲ, ನೀರಜಾಳ ಜಡೆ. ಅವಳೂ ಏದುತ್ತಿದ್ದಳು. ಅವಳ ಎದೆ ಬಡಿಯುವುದು ಇವಳಿಗೆ ಗೊತ್ತಾಗುತ್ತಿತ್ತು. ಕೇತಕಿ ಎರಡು ಕೈಯಿಂದ ತಳ್ಳಿದಳು. ಆ ಭಾರ ಕದಲಿತು. ಇನ್ನೊಮ್ಮೆ ತಳ್ಳಿ, ಸರ್ ಹೇಳಿಕೊಟ್ಟ ಹಾಗೆ ಸೊಂಟ ತಿರುಗಿಸಿದಳು. ಈಗ ಮೇಲೆ ಅವಳಿದ್ದಳು, ಕೆಳಗೆ ನೀರಜಾ. ಕೆಳಗಿನಿಂದ ನೀರಜಾ ತಳ್ಳಿದಳು. ಕೇತಕಿಯೂ ಕದಲಿದಳು.

ಸಂಜೆ ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಕೇತಕಿ ಖಾಲಿ ಡಬ್ಬಿಯನ್ನು ಅವರ ಕೈಗೆ ಕೊಟ್ಟಳು. ಅಜ್ಜಿ ಮುಚ್ಚಳ ತೆರೆದು ನೋಡಿ ಮುಚ್ಚಿದರು.

"ಗೆದ್ದಿ ಏನು?"

"ಇಲ್ಲ. ಒಂದು ಪಾಯಿಂಟಿನ್ಯಾಗ ಹೋತು."

"ಆಕಿ ಭಾಳ ದೊಡ್ಡಾಕಿ ಇದ್ಲೇನು?"

ಕೇತಕಿ ಸೋಫಾದ ಮೇಲೆ ಕುಳಿತಳು. ಬ್ಯಾಗಿನ ಸಣ್ಣ ಜೇಬಿನಿಂದ ಬೆಳ್ಳಿ ಚೈನುಗಳನ್ನು ತೆಗೆದು ಅಜ್ಜಿಯ ಕೈಗಿಟ್ಟು ಕಾಲು ಮುಂದೆ ಚಾಚಿದಳು.

"ಇಲ್ಲ ಅಜ್ಜಿ," ಎಂದಳು. "ನನ್ನಷ್ಟ ಇದ್ದಳು."