ಒಂದಕ್ಷರದ ಸೇಡು

"ಓದೋಕಾಗ್ತಿಲ್ಲ. ಇನ್ನೊಮ್ಮೆ ಬರೆಸಿಕೊಂಡು ಬನ್ನಿ."

ಔಷಧಿ ಕೌಂಟರಿನ ಕಿಂಡಿಯಿಂದ ಚೀಟಿಯನ್ನು ಹೊರಗೆ ತಳ್ಳಿ ಫಾರ್ಮಸಿಸ್ಟ್ ಮುಂದಿನ ಟೋಕನ್ ಕರೆದಳು. ಚೀಟಿಯಲ್ಲಿ ಏನಿದೆಯೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಅದು ಇರುವೆ ಡಾಕ್ಟರ ಬರಹ. ಇರುವೆಗಳನ್ನು ಶಾಯಿಯಲ್ಲಿ ಅದ್ದಿ ಕಾಗದದ ಮೇಲೆ ಬಿಟ್ಟಂತಿದ್ದ ಅಕ್ಷರಗಳಿಂದಲೇ ಅವನಿಗೆ ಆ ಹೆಸರು ಬಂದಿತ್ತು. ಇಡೀ ಆಸ್ಪತ್ರೆಯಲ್ಲಿ ಅದನ್ನು ತಡವರಿಸದೆ ಓದಬಲ್ಲವಳು ಅವಳೊಬ್ಬಳೇ. ನರ್ಸ್‌ಗಳು ತಲೆ ಕೆರೆದುಕೊಂಡು ಕೊನೆಗೆ ಅವಳ ಹತ್ತಿರವೇ ಬರುತ್ತಿದ್ದರು.

ಒಂದು ಕಾಲದಲ್ಲಿ ಅದು ಅವಳ ಹೆಮ್ಮೆ. ಡ್ಯೂಟಿ ಮುಗಿಸಿ ಅವನು ಕೌಂಟರಿಗೆ ಒರಗಿ ನಿಂತು, ತನ್ನ ಅಕ್ಷರ ಇವಳೊಬ್ಬಳಿಗೇ ಹೇಗೆ ಅರ್ಥವಾಗುತ್ತದೆಂದು ಕೇಳುತ್ತಿದ್ದ. ಅವಳು ಮಾತ್ರೆ ಎಣಿಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದಳು. ಅವನ ಕಣ್ಣು ತನ್ನ ಕಿವಿಯ ಹಿಂದಿನ ಕೂದಲ ಮೇಲೇ ಇದೆಯೆಂದು ತಿಳಿದು ಎಣಿಕೆ ತಪ್ಪುತ್ತಿತ್ತು.

"ಹತ್ತಾದಮೇಲೆ ಹನ್ನೊಂದು," ಎಂದು ಅವನೇ ನೆನಪಿಸುತ್ತಿದ್ದ.

ಮೂರು ವರ್ಷದ ಹಿಂದೆ ಆರು ತಿಂಗಳ ತರಬೇತಿಗೆ ಹೊರಟ ದಿನ, ಅವನು ಅವಸರದಲ್ಲಿ ನರ್ಸ್ ಕೈಲಿ ಒಂದು ಚೀಟಿ ಕಳಿಸಿದ್ದ. 'ಮನೆಯಲ್ಲಿ ಮಾತಾಡಿದೆ. ಮದುವೆ ಬೇಡ. ನೀನೂ ಮನೆಯಲ್ಲಿ ಹೇಳಿಬಿಡು.' ಅಷ್ಟೇ. ಅವಳು ಮನೆಯಲ್ಲಿ ಹೇಳಿದಳು. ಅಮ್ಮ ಮೂರು ದಿನ ಮಾತು ಬಿಟ್ಟರು. ಅವಳು ಅವನ ನಂಬರನ್ನು ಬ್ಲಾಕ್ ಮಾಡಿದಳು. ತರಬೇತಿ ಮುಗಿಸಿ ಬಂದವನು ಕಿಂಡಿಯ ಮುಂದೆ ನಿಂತಾಗ "ಮುಂದಿನ ಟೋಕನ್" ಎಂದಳು. ಅವನ ಮುಖವೂ ಅಂದೇ ಬಿಗಿದುಕೊಂಡಿತು.

ಸೇಡಿಗೆ ಅವಳು ದೂರ ಹೋಗಬೇಕಾಗಲಿಲ್ಲ. ಅವನ ಚೀಟಿಗಳನ್ನೆಲ್ಲ ಹಿಂದಕ್ಕೆ ಕಳಿಸಿದಳು, ಒಂದೊಂದರ ಫೋಟೊ ತೆಗೆದಿಟ್ಟಳು. ಚೀಟಿ ಬಿಟ್ಟು ಕಂಪ್ಯೂಟರಿನಲ್ಲೇ ಔಷಧಿ ಬರೆಯುವ ವ್ಯವಸ್ಥೆ ತರಬೇಕೆಂಬ ಮಾತು ಎದ್ದಾಗ ಮೊದಲು ಬೆಂಬಲಿಸಿದವಳು ಅವಳು, ಅಡ್ಡಗಾಲು ಹಾಕಿದವನು ಅವನು. ಎಲ್ಲರೆದುರು ಅವನ ಮಾನ ಹರಾಜು ಹಾಕುವ ಅವಕಾಶ ತಾನಾಗಿ ಒದಗಿಬಂದಿತ್ತು.

ಒಮ್ಮೆ ಮಾತ್ರ ಅವಳ ಮನಸ್ಸು ಚುಚ್ಚಿತ್ತು. ಮಂಡಿನೋವಿನ ಅಜ್ಜಿಯೊಬ್ಬರು ಅವಳು ಹಿಂದಿರುಗಿಸಿದ ಚೀಟಿ ಹಿಡಿದು ಎರಡು ಮಹಡಿ ಹತ್ತಿ ಇಳಿದು, ಏದುಸಿರು ಬಿಡುತ್ತಾ "ಈಗಲಾದರೂ ಓದೋಕಾಗುತ್ತಾ ನೋಡಮ್ಮ" ಎಂದಿದ್ದರು. ಅಂದು ಅವಳಿಗೆ ಊಟ ಸೇರಲಿಲ್ಲ. ಆ ಪಾಪವನ್ನೂ ಅವನ ತಲೆಗೇ ಕಟ್ಟಿದಳು.

ಕಂಪ್ಯೂಟರ್ ವ್ಯವಸ್ಥೆಯ ಬಗ್ಗೆ ತೀರ್ಮಾನಿಸುವ ಸಭೆಯ ದಿನ ಹಾಲ್ ತುಂಬಿತ್ತು. ಅವಳು ಅವನ ಚೀಟಿಗಳನ್ನು ಪರದೆಯ ಮೇಲೆ ಒಂದೊಂದಾಗಿ ತೋರಿಸಿ, ಬರೆದವರೇ ಓದಲಿ ಎಂದಳು. ಏಳನೆಯದರಲ್ಲಿ ಅವನು ತಡವರಿಸಿದ, ಹನ್ನೊಂದನೆಯದರಲ್ಲಿ ಸೋತ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗುವಿಗಾಗಿ ಮೂರು ವರ್ಷ ಕಾದಿದ್ದ ಅವಳ ಹೊಟ್ಟೆ ತಣ್ಣಗಾಯಿತು.

ಅವನು ಕನ್ನಡಕ ಒರೆಸಿಕೊಂಡು, ಅವಳತ್ತ ನೋಡದೆ ಆಸ್ಪತ್ರೆಯ ಮುಖ್ಯಸ್ಥರಿಗೆ ಹೇಳಿದ: "ನನಗೇ ಓದೋಕಾಗಲ್ಲ ಸರ್, ಒಪ್ಪಿದೆ. ಆದರೆ ಇವರಿಗೆ ಓದೋಕೆ ಬರುತ್ತೆ. ಇಷ್ಟು ವರ್ಷದಲ್ಲಿ ಒಂದಕ್ಷರ ತಪ್ಪು ಓದಿಲ್ಲ. ಇವರಿರುವಾಗ ಕಂಪ್ಯೂಟರ್ ಯಾಕೆ?"

ಹೊಗಳಿಕೆಯೋ ಕುಟುಕೋ ತಿಳಿಯದೆ ಅವಳ ಮೈ ಉರಿಯಿತು. ಪರ್ಸಿನಲ್ಲಿ ಮಡಚಿಟ್ಟಿದ್ದ ಹಳೆಯ ಚೀಟಿ ತೆಗೆದು, ನೇರ ನಡೆದುಹೋಗಿ ಅವನ ಕೈಗಿಟ್ಟಳು.

"ಇದನ್ನೂ ಓದಿ ಡಾಕ್ಟ್ರೇ. ಮಧ್ಯದ ಸಾಲು ಸಾಕು."

ಈ ಸಲ ಅವನು ತಡವರಿಸಲಿಲ್ಲ. ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಓದಿದ.

"ಮದುವೆ ಬೇಗ."

ಅವಳು ಚೀಟಿ ಕಿತ್ತುಕೊಂಡು ನೋಡಿದಳು. ಡ ಎಂದುಕೊಂಡಿದ್ದು, ಅವಸರದಲ್ಲಿ ಕೆಳಗೆ ಸುತ್ತಿಕೊಂಡ ಗ.

"ನಾನು ಬೇಡ ಅಂತ ಓದಿದೆ," ಎಂದಳು.

ಅವನು ದನಿ ಇನ್ನೂ ತಗ್ಗಿಸಿದ. "ನೀನು ನಂಬರ್ ಬ್ಲಾಕ್ ಮಾಡಿದಾಗ, ಬೇಡ ಅಂದಿದ್ದು ನೀನೇ ಅಂದುಕೊಂಡೆ. ಬಂದು ಕೇಳಬೇಕಿತ್ತು. ಸೊಕ್ಕು ಬಿಡಲಿಲ್ಲ."

ಅದೇನಮ್ಮ ಎಂದು ಮುಖ್ಯಸ್ಥರು ಕೇಳಿದರು. ಅವಳು ಅವರತ್ತ ತಿರುಗಿದಳು.

"ಡಾಕ್ಟ್ರು ಹೇಳಿದ್ದು ನಿಜ ಅಲ್ಲ ಸರ್. ನಾನೂ ಒಂದಕ್ಷರ ತಪ್ಪು ಓದಿದ್ದೀನಿ."

"ರೋಗಿಗೆ ಏನಾಯ್ತು?"

"ಇಬ್ಬರಿದ್ದರು ಸರ್. ಮೂರು ವರ್ಷ ನರಳಿದರು."

ಈ ಸಲ ಯಾರೂ ನಗಲಿಲ್ಲ. ಇವಳೇ ತಪ್ಪಿದ ಮೇಲೆ ಇನ್ನು ಯಾರ ಕಣ್ಣನ್ನು ನಂಬುವುದು ಎಂದು ಮುಖ್ಯಸ್ಥರು ಸೋಮವಾರದಿಂದಲೇ ಹೊಸ ವ್ಯವಸ್ಥೆಗೆ ಒಪ್ಪಿದರು. ಸಮ್ಮತಿಗೆ ಮೊದಲು ಕೈ ಎತ್ತಿದವನು ಇರುವೆ ಡಾಕ್ಟರ್.

ಸೋಮವಾರವೂ ಅವಳ ಸಿಟ್ಟು ಇಳಿದಿರಲಿಲ್ಲ. ಮೂರು ವರ್ಷ ನುಂಗಿದ ಅಕ್ಷರಕ್ಕೆ ಯಾರಾದರೂ ದಂಡ ತೆರಲೇಬೇಕಿತ್ತು. ಮಂಡಿನೋವಿನ ಅಜ್ಜಿ ಬಂದಾಗ ಅವರ ಔಷಧಿ ಆಗಲೇ ಪರದೆಯ ಮೇಲಿತ್ತು. ಮಹಡಿ ಹತ್ತಬೇಕಾ ಎಂದು ಅವರು ಅಂಜುತ್ತಲೇ ಕೇಳಿದರು.

"ಬೇಡ ಅಜ್ಜಿ. ಹತ್ತಿಸಿದ್ದು ನನ್ನ ತಪ್ಪು. ಇನ್ನು ಬೇಡ," ಎಂದಳು.

ಅಜ್ಜಿ ಹೋದಮೇಲೆ ಪರದೆಯಲ್ಲಿ ಇನ್ನೊಂದು ಸಾಲು ಮೂಡಿತು. ಸಿಬ್ಬಂದಿ ಕಲಿಯಲೆಂದು ಇಟ್ಟಿದ್ದ 'ಮಾದರಿ ರೋಗಿ'ಯ ಹೆಸರಿಗೆ ಬಂದದ್ದು. ಔಷಧಿ: ಮದುವೆ. ಸೂಚನೆ: ಬೇಗ. ಅಚ್ಚುಕಟ್ಟಾದ ದುಂಡಕ್ಷರ, ಗ ಎಂಬುದು ಗ ಆಗಿಯೇ ಇತ್ತು.

ಕೆಳಗೆ ಎರಡು ಗುಂಡಿ: 'ಕೊಡಲಾಗಿದೆ', 'ಹಿಂದಿರುಗಿಸಿ'. ಅವಳು ಎರಡನೆಯದನ್ನು ಒತ್ತಿ ಕಾರಣ ಬರೆದಳು: 'ಎಷ್ಟು ದಿನಕ್ಕೆ ಎಂದು ತಿಳಿಸಿಲ್ಲ.'

ಅವನು ಮೇಲೆ ಒಂದೇ ಬೆರಳಿನಲ್ಲಿ ಕೀಬೋರ್ಡಿನ ಅಕ್ಷರ ಹುಡುಕುತ್ತಿರುವುದನ್ನು ನೆನೆದು ಅವಳಿಗೆ ನಗು ಉಕ್ಕಿತು. ಆರು ನಿಮಿಷದ ಮೇಲೆ ಉತ್ತರ ಬಂತು: 'ಬದುಕಿರುವವರೆಗೆ.' ಅದನ್ನೂ ಹಿಂದಿರುಗಿಸಿದಳು: 'ಡಾಕ್ಟರು ಖುದ್ದಾಗಿ ಬರಬೇಕು.'

ಅವನು ಎರಡೆರಡು ಮೆಟ್ಟಿಲು ದಾಟಿ ಇಳಿದು ಬಂದ. ಅವಳು ಕಣ್ಣೆತ್ತದೆ ಟೋಕನ್ ಎಲ್ಲಿ ಎಂದಳು. ಟೋಕನ್ ಕೊಡುವುದು ಮೇಲೆ. ಅವನು ಎರಡು ಮಹಡಿ ಹತ್ತಿದ, ಇಳಿದ, ಕಿಂಡಿ ಹಿಡಿದು ಏದುಸಿರು ಬಿಡುತ್ತಾ ನಿಂತ.

"ಈಗಲಾದರೂ ಓದೋಕಾಗುತ್ತಾ?"

ಅಜ್ಜಿಯ ಮಾತು ಅವನ ಬಾಯಲ್ಲಿ ಕೇಳಿ ಅವಳ ಸೇಡು ಅಲ್ಲಿಗೆ ಕರಗಿತು. ಮೂರು ವರ್ಷದ ಮೇಲೆ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಬೇಗ ಅಂತಿದೆ," ಎಂದು ಹೇಳಿ, ಮೊದಲನೆಯ ಗುಂಡಿ ಒತ್ತಿದಳು.