ತಾಯಿಯ ಕೈ ತಣ್ಣಗಾಗದು

ಅವ್ವನ ಶವಕ್ಕೆ ಹೊದಿಸಲೆಂದು ನೇಯ್ದ ಬಟ್ಟೆಯ ಬಣ್ಣಗಳು ಕುಮಾಸಿ ನಗರದ ಪೇಟೆಯಲ್ಲಿ ಚಪ್ಪಲಿಯ ಪಟ್ಟಿಯಾಗಿ ನೇತಾಡುತ್ತಿದ್ದುದನ್ನು ಕಂಡಾಗ ಯಿಯಾಡೊಮ್‌ನ ಮೈಯೆಲ್ಲ ಉರಿದುಹೋಯಿತು. ತನ್ನೂರು ಬೊನ್ವಿರೆಯ ಮಗ್ಗದಲ್ಲಿ ಅಳುತ್ತಲೇ ನೇಯ್ದ ಕೆಂಟೆ ಅದು, ಆ ನಾಡಿನ ಬಣ್ಣಬಣ್ಣದ ಪಟ್ಟೆಬಟ್ಟೆ. ‘ತಾಯಿಯ ಕೈ ತಣ್ಣಗಾಗದು’ ಎಂದು ಅದಕ್ಕೆ ಹೆಸರನ್ನೂ ಇಟ್ಟಿದ್ದ. ವ್ಯಾಪಾರಿ ಬೊಆಟೆಮಾ ಸಾವಿನ ಮನೆಗೆ ಬಂದು, ಕಣ್ಣೊರೆಸಿಕೊಳ್ಳುತ್ತ ಅದರ ಫೋಟೊ ಹೊಡೆದುಕೊಂಡು, ಹೊರದೇಶದ ಗಿರಣಿಯಲ್ಲಿ ಅದೇ ವಿನ್ಯಾಸದ ಅಚ್ಚು ಹಾಕಿಸಿ ಮೂಟೆಗಟ್ಟಲೆ ತರಿಸಿದ್ದಳು.

"ನಿಮ್ಮವ್ವ ಈಗ ಊರೆಲ್ಲ ನಡೆದಾಡ್ತಿದ್ದಾಳಲ್ಲಪ್ಪ, ಖುಷಿಪಡು," ಎಂದು, ಜಗಳಕ್ಕೆ ಬಂದವನನ್ನು ನೋಡಿ ಬೊಆಟೆಮಾ ನಕ್ಕಳು.

ಕಲೆ, ಕಸುಬುಗಳ ಹಕ್ಕು ನೋಡಿಕೊಳ್ಳುವ ಸರ್ಕಾರಿ ಕಚೇರಿಯ ಅಧಿಕಾರಿ, ಚಿಕ್ಕ ವಯಸ್ಸಿನ ಅಫ್ರಾಕೋಮಾ, ದೂರನ್ನೇನೋ ಕೇಳಿಸಿಕೊಂಡಳು. "ಮಾವ, ಕೆಂಟೆ ಜನಪದದ ಸೊತ್ತು. ಕಾನೂನಿನ ಪ್ರಕಾರ ದೇಶದ ಪರವಾಗಿ ಅದರ ಹಕ್ಕು ಅಧ್ಯಕ್ಷರದ್ದು. ನಿಮ್ಮೊಬ್ಬರದು ಅನ್ನೋಕಾಗಲ್ಲ. ಆದ್ರೂ ನೋಡ್ತೀನಿ."

"ಹಾಗಾದ್ರೆ ಅಧ್ಯಕ್ಷರೇ ಬಂದು ನೇಯಲಿ!" ಎಂದು ಗುಡುಗಿ ಅವನು ಹೊರಬಿದ್ದ. ಸರ್ಕಾರದ ‘ನೋಡ್ತೀನಿ’ ಎಂದರೆ ಏನೆಂದು ಅವನಿಗೆ ಗೊತ್ತಿತ್ತು.

ಅಂದಿನಿಂದ ಅವನ ಕೈ ಮಗ್ಗದ ಮೇಲೆ, ತಲೆ ಬೊಆಟೆಮಾಳ ಗೋದಾಮಿನಲ್ಲಿ. ಪೇಟೆಯ ಹಿಂದೆ ಅದು ಒಂಟಿಯಾಗಿ ನಿಂತಿತ್ತು. ಹಲಗೆಯ ಗೋಡೆ, ತಗಡಿನ ಮಾಡು. ಸುಟ್ಟರೆ ಇನ್ನೊಬ್ಬರ ಕಡ್ಡಿಯೂ ಸುಡದು. ಬೀಗ ಮುರಿಯಬೇಕಾಗಿಲ್ಲ, ಹಲಗೆಯ ಸಂದಿ ಸಾಕು. ಸೊಳ್ಳೆಬತ್ತಿಯ ಸುರುಳಿಗೆ ಬೆಂಕಿಕಡ್ಡಿಗಳ ಕಟ್ಟು ಬಿಗಿದು, ಸೀಮೆಎಣ್ಣೆಯ ಚಿಂದಿಯ ಮೇಲಿಟ್ಟು ಬಂದರೆ, ಬೆಂಕಿ ಹತ್ತುವ ಹೊತ್ತಿಗೆ ತಾನು ಊರಿನಲ್ಲಿ ಸಾವಿರ ಜನರ ನಡುವೆ ಇರಬಹುದು. ಶನಿವಾರ ಊರ ಹಿರಿಯನ ಅಂತ್ಯಕ್ರಿಯೆ ನಿಗದಿಯಾಗಿತ್ತು. ಬಾಯಿತಪ್ಪಿ ಏನಾದರೂ ಆಡಿಬಿಟ್ಟೇನೆಂದು ಶುಕ್ರವಾರವಿಡೀ ಅವನು ಮನೆ ಬಿಟ್ಟು ಹೊರಬರಲಿಲ್ಲ.

ಶನಿವಾರ ನಸುಕಿನಲ್ಲೇ ಕುಮಾಸಿಗೆ ಹೋಗಿ, ಸುರುಳಿ ಹೊತ್ತಿಸಿ, ಚಿಂದಿಯ ಸಮೇತ ಸಂದಿಯೊಳಗೆ ತಳ್ಳಿದ. ಒಳಗೆ ಇಣುಕಲಿಲ್ಲ. ಆ ಬಣ್ಣಗಳನ್ನು ಕಂಡರೆ ಮನಸ್ಸು ಬದಲಾದೀತೆಂಬ ಭಯ. ಅಪರಾಹ್ನ ಊರಿನ ಅಂತ್ಯಕ್ರಿಯೆಯಲ್ಲಿ ಕಪ್ಪು ಬಟ್ಟೆಯುಟ್ಟು, ಡೋಲಿನ ಬಡಿತಕ್ಕೆ ಎಲ್ಲರಿಗಿಂತ ಜೋರಾಗಿ ಕುಣಿದ. ಅವ್ವ ಸತ್ತ ಮೇಲೆ ಅವನು ಕುಣಿದದ್ದು ಅದೇ ಮೊದಲು. ನೋಡಿದವರೆಲ್ಲ ನೆನಪಿಟ್ಟುಕೊಂಡರು.

ಭಾನುವಾರ ಅಫ್ರಾಕೋಮಾ ಒಬ್ಬ ಪೊಲೀಸನೊಂದಿಗೆ ಅಂಗಳಕ್ಕೆ ಬಂದಳು. ಯಿಯಾಡೊಮ್ ಬೆದರಲಿಲ್ಲ. ಆಡಬೇಕಾದ ಮಾತು ಬಾಯಿಪಾಠವಾಗಿತ್ತು.

"ನಿನ್ನೆ ಬೊಆಟೆಮಾ ಗೋದಾಮು ಸುಟ್ಟುಹೋಯ್ತು, ಯಜಮಾನ್ರೇ," ಎಂದ ಪೊಲೀಸ.

"ಅಯ್ಯೋ ಪಾಪ! ಅಷ್ಟೂ ಬಟ್ಟೆ ಬೂದಿ ಆಯ್ತಾ?"

ಅಫ್ರಾಕೋಮಾ ಹುಬ್ಬೇರಿಸಿದಳು. "ಯಾವ ಬಟ್ಟೆ ಮಾವ? ಅದೇ ಹೇಳೋಕೆ ಬಂದೆ. ಸೊತ್ತು ದೇಶದ್ದು ಅಂದ ಮೇಲೆ ದೇಶಾನೇ ಕೇಸು ಹಾಕ್ತು. ಶುಕ್ರವಾರ ಸಂಜೆ ಒಂದು ಮೂಟೇನೂ ಬಿಡದೆ ಕೋರ್ಟಿಗೆ ಸಾಗಿಸಿದ್ವಿ. ಇಂಥ ಸುದ್ದಿ ಫೋನಲ್ಲಿ ಯಾಕೆ, ಎದುರಿಗೇ ಹೇಳೋಣ ಅಂತ..." ಪೊಲೀಸ ಟೋಪಿ ತೆಗೆದು ಬೆಂಚಿನ ಮೇಲಿಟ್ಟು, ಯಿಯಾಡೊಮ್‌ನ ಪಕ್ಕದಲ್ಲಿ ಕೂತ. "ಲಾರಿಗೆ ತುಂಬಿಸಿದ್ದನ್ನ ಇಡೀ ಪೇಟೇನೇ ನಿಂತು ನೋಡಿತ್ತು. ಬೊಆಟೆಮಾಗಂತೂ ಗೊತ್ತೇ ಇತ್ತು. ಖಾಲಿ ಗೋದಾಮಿಗೆ ಯಾರು ಬೆಂಕಿ ಇಡ್ತಾರೆ ಅಂತ ರಾತ್ರಿಯೆಲ್ಲ ತಲೆ ಕೆಡಿಸ್ಕೊಂಡೆ, ಯಜಮಾನ್ರೇ. ಖಾಲಿ ಅಂತ ಗೊತ್ತಿಲ್ದೋನೇ ಇಡಬೇಕು."